ಲಾರಿಯ ಎತ್ತರ ಅಳೆಯದೆ ಕೊಂಡ ಲೋಡರ್

ಯಂತ್ರ ಖರೀದಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಪೀಣ್ಯದ ನಮ್ಮ ಕೈಗಾರಿಕಾ ವಸಾಹತಿನ ಚರಂಡಿ ಹೂಳು ಎತ್ತಲು ತಾವು ಆರಿಸಿ ತಂದ, ಮುಂದೆ ಬಕೆಟ್ ಇರುವ ಪುಟ್ಟ ವೀಲ್ ಲೋಡರ್ ಕಳೆದ ಮಂಗಳವಾರ ಮಗುಚಿ ಬಿತ್ತು. ಓಡಿಸುತ್ತಿದ್ದ ನಿಂಗಪ್ಪನ ಎಡಗಾಲು ಮುರಿಯಿತು. ಮರುದಿನವೇ ಆಸ್ಪತ್ರೆಯ ಮಂಚಕ್ಕೆ ತಮ್ಮ ನೋಟಿಸು ಬಂತು: 'ಚಾಲಕನ ನಿರ್ಲಕ್ಷ್ಯ. ಏಳು ದಿನದಲ್ಲಿ ಸಮಜಾಯಿಷಿ ನೀಡದಿದ್ದರೆ ಕೆಲಸದಿಂದ ವಜಾ.' ಕಾಲಿಗೆ ಹಾಕಿದ ಪ್ಲಾಸ್ಟರ್ ಇನ್ನೂ ಒಣಗಿರಲಿಲ್ಲ. ತಮ್ಮ ಕಚೇರಿಯಲ್ಲಿ ಇಷ್ಟು ಬೇಗ ಮುಗಿದ ಇನ್ನೊಂದು ಕೆಲಸವನ್ನು ನಾನು ಕಂಡಿಲ್ಲ. ಅಭಿನಂದನೆಗಳು.

ಯಂತ್ರ ಆರಿಸುವಾಗ ತಾವು ಏನೇನು ನೋಡಿದಿರಿ ಎಂಬುದು ವಸಾಹತಿಗೆಲ್ಲ ಗೊತ್ತು. ಸಂದಿಯಲ್ಲಿ ನುಗ್ಗುತ್ತದೆಯೇ ಎಂದು ನೋಡಿದಿರಿ, ಸರಿ. ಇಕ್ಕಟ್ಟಿನಲ್ಲಿ ತಿರುಗುತ್ತದೆಯೇ ಎಂದು ನೋಡಿದಿರಿ, ಅದೂ ಸರಿ. ಕ್ಯಾಬಿನ್ನಿನ ಎಸಿಯನ್ನು ಸ್ವತಃ ಕೂತು ಪರೀಕ್ಷಿಸಿದಿರಿ. ಕಚೇರಿಯ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ ಒಣ ಮರಳನ್ನು ಒಂದು ಗುಡ್ಡೆಯಿಂದ ಇನ್ನೊಂದು ಗುಡ್ಡೆಗೆ ಹಾಕಿಸಿ ಚಪ್ಪಾಳೆ ತಟ್ಟಿದಿರಿ. ಆದರೆ ಸ್ವಾಮಿ, ನಾವು ಹೂಳನ್ನು ಗುಡ್ಡೆ ಹಾಕುವುದಿಲ್ಲ, ಲಾರಿಗೆ ತುಂಬುತ್ತೇವೆ. ಬಕೆಟ್ಟನ್ನು ಪೂರ್ತಿ ಎತ್ತಿ ಬಗ್ಗಿಸಿದರೆ ಅದರ ಅಂಚು ನೆಲದಿಂದ ಏಳು ಅಡಿಗೆ ನಿಲ್ಲುತ್ತದೆ. ತಮ್ಮದೇ ಟಿಪ್ಪರ್ ಲಾರಿಯ ತೊಟ್ಟಿಯ ಅಂಚು ಎಂಟೂವರೆ ಅಡಿ ಎತ್ತರದಲ್ಲಿದೆ. ಕೊಳ್ಳುವ ಮುನ್ನ ಒಂದು ಲಾರಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಲು ಯಾವ ಸುತ್ತೋಲೆ ಅಡ್ಡ ಬಂದಿತ್ತು?

ನಿಂಗಪ್ಪ ಸುರಪುರದ ಕಡೆಯವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ಈ ಯಂತ್ರ ಬಂದ ಮೊದಲ ದಿನವೇ ನನ್ನ ಎದುರಿಗೆ ತಮಗೆ ಹೇಳಿದ:

"ಸಾಹೇಬ್ರ, ಬಕೆಟ್ ಲಾರಿ ಮಟ್ಟಕ್ಕ ಮುಟ್ಟಂಗಿಲ್ರೀ. ಇದನ್ನ ವಾಪಸ್ ಕಳಿಸಿ ಎತ್ತರದ್ದು ತರಸ್ರೀ."

ತಾವು ಫೋನಿನಿಂದ ತಲೆ ಎತ್ತಲಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಪ್ಪಾ. ಮಣ್ಣು ಹಾಕಿ ಎತ್ತರ ಮಾಡ್ಕೊ, ಅದ್ರ ಮೇಲೆ ಹತ್ಸು."

ಅವನು ಹಾಗೇ ಮಾಡಿದ. ಒಡೆದ ಇಟ್ಟಿಗೆ, ಮಣ್ಣು ಸುರಿದು ಲಾರಿ ನಿಲ್ಲುವ ಜಾಗದ ಪಕ್ಕ ದಿಬ್ಬ ಕಟ್ಟಿದ. ನೀರು ಸೋರುವ ಹೂಳನ್ನು ಮೇಲೆತ್ತಿ ಹಿಡಿದು ನಾಲ್ಕು ತಿಂಗಳು ಆ ದಿಬ್ಬ ಹತ್ತಿದ. ಮಳೆಯಾದ ಮರುದಿನ, ಆ ಮಂಗಳವಾರ, ಅವನು ಯಂತ್ರದೊಂದಿಗೆ ಮೇಲಿದ್ದಾಗಲೇ ಅದರ ಒಂದು ಮಗ್ಗುಲು ಕುಸಿಯಿತು. ನಿರ್ಲಕ್ಷ್ಯ ಖಂಡಿತ ನಡೆದಿದೆ. ಆದರೆ ಅದು ಮಾತು ಕೇಳಿದವನದೋ, ಮಾತು ಹೇಳಿದವರದೋ?

ನನ್ನ ಸಿಟ್ಟೆಲ್ಲ ತಮ್ಮೊಬ್ಬರ ಮೇಲೇ ಇದ್ದಿದ್ದರೆ ಈ ಪತ್ರವನ್ನು ಇನ್ನೂ ಖಾರವಾಗಿ ಬರೆಯುತ್ತಿದ್ದೆ. ಖರೀದಿ ಕಡತದಲ್ಲಿ 'ಯಂತ್ರ ಕೆಲಸಕ್ಕೆ ಯೋಗ್ಯ' ಎಂಬ ಸಾಲಿನ ಕೆಳಗೆ, ತಮ್ಮ ಸಹಿಯ ಪಕ್ಕದಲ್ಲಿ ನನ್ನದೂ ಇದೆ. ತಾಂತ್ರಿಕ ಸದಸ್ಯನೆಂದು ತಾವು ನನ್ನನ್ನು ಕರೆಸಿದ್ದಿರಿ. ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿದವನು ನಾನು. ಒಂದೂವರೆ ಅಡಿಯ ಕೊರತೆ ಕಾಣಲಿಲ್ಲವೆಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಕಂಡಿತ್ತು. ದೊಡ್ಡವರ ಎದುರು ನನಗೇಕೆ ಎಂದು ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ನಿಂಗಪ್ಪನಿಗೆ ಇದ್ದ ಧೈರ್ಯ ನನಗೆ ಇರಲಿಲ್ಲ.

ನಿಂಗಪ್ಪನ ನೋಟಿಸನ್ನು ಸೋಮವಾರದೊಳಗೆ ಹಿಂಪಡೆಯಿರಿ. ಅದೇ ಒಕ್ಕಣೆಯಲ್ಲಿ ಎರಡು ನೋಟಿಸು ಹೊರಡಿಸಿ, ಒಂದು ತಮಗೆ, ಒಂದು ನನಗೆ. ನನಗೆ ಏಳು ದಿನ ಬೇಕಿಲ್ಲ. ತಪ್ಪು ನನ್ನದು ಎಂದು ಬರೆದು ಈಗಾಗಲೇ ತಮ್ಮ ಕಚೇರಿಗೆ ಕೊಟ್ಟು ಬಂದಿದ್ದೇನೆ. ಇನ್ನು ತಮ್ಮ ಉತ್ತರವೊಂದೇ ಬಾಕಿ.

ಇಂತಿ,
ಹೇಳಬೇಕಾದಾಗ ಹೇಳದೆ ಈಗ ಬರೆಯುತ್ತಿರುವ
ಈರೇಶ್, ಪೀಣ್ಯ