ಜಗದೇವಿ ಆರಿಸಿದ ಗಾಡಿ

ಕಲಬುರಗಿ,
ಉರಿಮಾಸದ ಮೂವತ್ತಮೂರನೆಯ ದಿನ, 2147

ಇಂದು ಯಾವುದೋ ಕಾರಿನ ಶೋರೂಮಿನ ಗಾಜಿನ ಬಾಗಿಲ ಮುಂದೆ ನಿಂತಿರುವ ಹಿರಿಯರಿಗೆ, ನೀಲಗಂಗಾ ಹಾಗರಗಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಪಂಚಾಂಗದಲ್ಲಿ ಹನ್ನೆರಡೇ ತಿಂಗಳು. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ಬಿಸಿಲು ಬೆಳೆಯುತ್ತ ಹೋಗಿ, ಕೊನೆಗೆ ಅದಕ್ಕೆಂದೇ ಒಂದು ತಿಂಗಳನ್ನು ಬಿಟ್ಟುಕೊಡಬೇಕಾಯಿತು. ಅದೇ ಉರಿಮಾಸ. ಮಳೆ ಬಂದ ದಿನ ಅದು ಮುಗಿಯುತ್ತದೆ. ಇಷ್ಟೇ ದಿನ ಎಂಬ ಲೆಕ್ಕ ಅದಕ್ಕಿಲ್ಲ. ನನ್ನ ಮಾತುಗಳಲ್ಲಿ ಇನ್ನೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ.

ನಾನು ನೆರಳುಗಾರ್ತಿ. ನಮ್ಮ ಊರಿನ ಬೀದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಪ್ಪರ ಹಾಸಿದೆ. ಅದು ಹರಿದಲ್ಲಿ ಹೊಲಿಯುವುದು, ಜೋತಲ್ಲಿ ಬಿಗಿಯುವುದು ನನ್ನ ಕೆಲಸ. ಚಪ್ಪರದ ಕೆಳಗೆ ಜನ ನಡೆಯುತ್ತಾರೆ, ಸೊಪ್ಪು ಮಾರುತ್ತಾರೆ, ಜಗಳವಾಡುತ್ತಾರೆ. ಊರಿನಿಂದ ಊರಿಗೆ ಹೋಗಬೇಕಾದರೆ ನೆಲದಡಿಯಲ್ಲಿ ಓಡುವ ಸುರಂಗಬಂಡಿ ಇದೆ. ಮೇಲಿನ ರಸ್ತೆಗೆ ಹಗಲುದಾರಿ ಎಂದು ಹೆಸರು. ಬಿಸಿಲು ಏರಿದ ಮೇಲೆ ಅಲ್ಲಿ ಹೋಗಲು ಅಪ್ಪಣೆ ಇರುವುದು ಶಾಖಕವಚವಿರುವ ಭಾರಿಗಾಡಿಗಳಿಗೆ ಮಾತ್ರ. ನೀವು ಎಸ್‌ಯುವಿ ಎನ್ನುತ್ತಿದ್ದ ಗಾಡಿಗಳ ಮೊಮ್ಮಕ್ಕಳು ಇವು ಎಂದುಕೊಳ್ಳಿ. ದಾರಿ ಹೇಳಿದರೆ ತಾವೇ ಓಡುತ್ತವೆ. ನಮ್ಮ ಕಡೆ ಅಂಥವು ಎರಡೇ: ಶರಭ ಮತ್ತು ಮೇಘನಾದ. ಮದುವೆಯಾಗಲಿ ಮಣ್ಣಾಗಲಿ, ನಾಲ್ಕು ಜನ ಸೇರಿದರೆ ಯಾವುದು ಮೇಲು ಎಂಬ ವಾದ ಹುಟ್ಟುತ್ತದೆ.

ನನ್ನ ತಂಗಿ ಜಗದೇವಿ ಕಲ್ಲಿನ ಕೆಲಸ ಕಲಿಸುವವಳು. ಶಹಾಬಾದ್, ಸೇಡಂ ಸುತ್ತಿನ ಹಳೆಯ ಕಲ್ಲಿನ ಗಣಿಗಳು ಈಗ ಶಾಲೆಗಳಾಗಿವೆ. ಆಳದಲ್ಲಿ ತಂಪು ಇರುವುದರಿಂದ ಮಕ್ಕಳು ಅಲ್ಲೇ ಕುಳಿತು ಕಲಿಯುತ್ತಾರೆ. ನಾವು ಗುಂಡಿಶಾಲೆ ಎನ್ನುತ್ತೇವೆ. ಅಂಥ ಒಂದು ಶಾಲೆಯಲ್ಲಿ ಚಪ್ಪಡಿಯೊಂದು ಜಾರಿ ಜಗದೇವಿಯ ಬೆನ್ನಿನ ಮೇಲೆ ಬಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಹೆಚ್ಚು ಹೊತ್ತು ಕುಳಿತರೆ ನೋವು ತಡೆಯಲಾರಳು, ಆದ್ದರಿಂದ ಮಲಗಿಯೇ ಪ್ರಯಾಣ ಮಾಡಬೇಕು. ಸುರಂಗಬಂಡಿಯಲ್ಲಿ ಮಲಗುವಂತಿಲ್ಲ. ಹೀಗಾಗಿ ಅವಳು ಎರಡು ವರ್ಷ ಮನೆಯ ಗೋಡೆ ನೋಡುತ್ತ ಕಳೆದಳು. ಕಡೆಗೆ ಗುಂಡಿಶಾಲೆಗಳೆಲ್ಲ ಒಟ್ಟುಗೂಡಿ, ಅವಳು ಮತ್ತೆ ಬಂದು ಕಲಿಸುವುದಾದರೆ ಭಾರಿಗಾಡಿಯನ್ನು ತಾವು ಕೊಡಿಸುವುದಾಗಿ ಹೇಳಿಕಳಿಸಿದವು. ಯಾವುದೆಂದು ಆರಿಸುವುದು ಮಾತ್ರ ನಮಗೆ ಬಿಟ್ಟದ್ದು.

ಮೊದಲು ಶರಭದ ಶೋರೂಮಿಗೆ ಹೋದೆವು. ಒಳಗೆ ಕಾಲಿಟ್ಟೊಡನೆ ಮೈ ನಡುಗುವಷ್ಟು ತಂಪು. ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು ಬಂತು. ಮ್ಯಾನೇಜರ್ ಋತ್ವಿಕ್ ಕೊಟಗಿ ಮೂವತ್ತರ ಆಸುಪಾಸಿನವನು, ಮಾತಿನಲ್ಲಿ ಬೆಣ್ಣೆ. ಗಾಡಿಯೂ ಹಾಗೆಯೇ ಇತ್ತು. ಗುಂಡಿ ಒತ್ತಿದರೆ ಅದರ ಹಿಂಭಾಗ ಆನೆ ಮಂಡಿಯೂರಿದಂತೆ ನೆಲಕ್ಕಿಳಿಯುತ್ತಿತ್ತು. ಜಗದೇವಿಯ ಮಂಚಗಾಲಿಯನ್ನು, ಅಂದರೆ ಅವಳು ಮಲಗುವ ಗಾಲಿಮಂಚವನ್ನು, ಒಂದೇ ಕೈಯಲ್ಲಿ ಒಳಗೆ ನೂಕಿದೆ. ನನಗೆ ಅಲ್ಲಿಯೇ ಮನಸ್ಸು ಸೋತಿತು. ಆದರೆ ಆ ಹುಡುಗ ಜಗದೇವಿಯ ಕಡೆ ಒಮ್ಮೆಯೂ ತಿರುಗಲಿಲ್ಲ. ಬೆಳಕು ಎಷ್ಟಿರಬೇಕು, ಹಾಸು ಮೆತ್ತಗಿರಬೇಕೋ ಗಟ್ಟಿಯೋ ಎಂದು ಅವಳ ವಿಷಯವನ್ನೆಲ್ಲ ನನ್ನನ್ನು ಕೇಳಿದ. ಅವಳ ಹೆಸರು ಹೇಳಿದ ಮೇಲೂ ಪೇಷಂಟ್ ಎಂದೇ ಕರೆದ. ಮರುದಿನವೇ ಪರೀಕ್ಷೆಗೆ ಗಾಡಿ ಕಳಿಸುವುದಾಗಿ ಮಾತು ಕೊಟ್ಟ.

ಮೇಘನಾದದ ಶೋರೂಂ ರಿಂಗ್ ರೋಡಿನ ಆಚೆ, ತಗಡಿನ ಮಾಡಿನ ಕೆಳಗೆ. ಅಲ್ಲಿದ್ದವಳು ತಹ್ಸೀನ್ ಎಂಬ ಐವತ್ತು ದಾಟಿದ ಹೆಂಗಸು. ಅವಳು ಒಂದು ಮಣೆ ಎಳೆದುಕೊಂಡು, ಜಗದೇವಿಯ ಮುಖಕ್ಕೆ ತನ್ನ ಮುಖ ಸರಿಯಾಗುವಂತೆ ಕುಳಿತು ಕೇಳಿದಳು: “ಅಕ್ಕೋರ, ನೀವು ಎಲ್ಲೆಲ್ಲಿ ಹೋಗಬೇಕಂತೀರಿ?”

ಜಗದೇವಿ ಊರುಗಳ ಹೆಸರು ಹೇಳುತ್ತ ಹೋದಳು. ಎರಡು ವರ್ಷದಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆದರೆ ಮೇಘನಾದದ ಹಿಂಬಾಗಿಲ ಹೊಸ್ತಿಲು ನನ್ನ ಮೊಣಕಾಲಿಗಿಂತ ಮೇಲಿತ್ತು, ಅದು ಇಳಿಯುವಂಥದಲ್ಲ. ತಹ್ಸೀನ್ ಅದನ್ನು ಮುಚ್ಚಿಡಲಿಲ್ಲ. ಈ ವಿಷಯದಲ್ಲಿ ಶರಭವೇ ವಾಸಿ ಎಂದಳು. ಪರೀಕ್ಷೆಗೆ ಗಾಡಿ ಬೇಕೆಂದರೆ, ಮಲಗಿ ಬರುವವರಿಗೆ ರಸ್ತೆ ಕಚೇರಿಯ ಅನುಮತಿ ಬೇಕು, ಎರಡು ದಿನ ತಡೆಯಿರಿ ಎಂದಳು. ಶರಭದವರು ನಾಳೆಯೇ ಕಳಿಸುವಾಗ ಇವಳದೆಂಥ ನಿಧಾನ ಎಂದು ಮನೆಗೆ ಬರುವವರೆಗೂ ಗೊಣಗಿದೆ.

ಮರುದಿನ ಬೆಳಿಗ್ಗೆ ಶರಭ ಬಾಗಿಲಿಗೆ ಬಂತು. ಸೇಡಂ ದಾರಿಯ ಗುಂಡಿಶಾಲೆಗೆ ಹೋಗಿಬರುವುದೆಂದು ಹೊರಟೆವು. ಜಗದೇವಿ ಬರುವಳೆಂದು ಅಲ್ಲಿಗೆ ಸುದ್ದಿಯೂ ಹೋಗಿತ್ತು. ನಾನು ಮುಂದಿನ ಸೀಟಿನಲ್ಲಿ, ಅವಳು ಹಿಂದೆ. ನಡುವೆ ತೆಳ್ಳಗಿನ ಪಾರದರ್ಶಕ ಪರದೆಯೊಂದು ತಾನಾಗಿ ಇಳಿಯಿತು. ಧೂಳಿಗೆ ಇರಬೇಕು ಎಂದುಕೊಂಡೆ. ಊರಿನ ಚಪ್ಪರ ದಾಟಿ ಹಗಲುದಾರಿಗೆ ಬಿದ್ದಾಗ ನನ್ನ ಸೀಟಿನ ಸುತ್ತ ಮಾಗಿಯ ಮುಂಜಾನೆಯಂಥ ತಂಪು. ಮಳಖೇಡ ದಾಟುವವರೆಗೂ ಆ ಗಾಡಿಯನ್ನು ಹೊಗಳುತ್ತಲೇ ಇದ್ದೆ. ಹಿಂದಿನಿಂದ ಉತ್ತರ ಕಡಿಮೆಯಾಯಿತು, ಆಮೇಲೆ ನಿಂತಿತು. ತಿರುಗಿ ನೋಡಿದರೆ ಜಗದೇವಿಯ ಮುಖ ಕೆಂಪಾಗಿ, ತುಟಿ ಒಣಗಿ, ಕಣ್ಣು ಅರ್ಧ ಮುಚ್ಚಿತ್ತು. ಪರದೆಗೆ ಅಂಗೈ ಇಟ್ಟೆ. ಕಾದ ಹಂಚು.

ಶೋರೂಮಿಗೆ ಫೋನ್ ಮಾಡಿದೆ. ಋತ್ವಿಕ್ ಗಾಬರಿಯಾಗಲಿಲ್ಲ. “ಗಾಡಿದೇನೂ ತಪ್ಪಿಲ್ರಿ ಮೇಡಂ. ಮಲಗಿ ಹೋಗೋರಿಗಿ ಪರ್ಮಿಷನ್ ಸಿಗಲಾಕ ತಡ ಆಗ್ತದ. ಅದಕ್ಕ ಅವರನ್ನ ಸಾಮಾನು ಅಂತ ಹಾಕೀನಿ. ಸಾಮಾನಿನ ಕಡಿ ತಂಪು ಬರಂಗಿಲ್ಲ. ಹೊಳ್ಳಿ ಬಂದುಬಿಡ್ರಿ, ಸರಿ ಮಾಡಮು.”

ಹಗಲುದಾರಿಯಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಬಾಗಿಲು ತೆರೆದರೆ ಒಳಗಿನವರು ಉಳಿಯುವುದೂ ಇಲ್ಲ. ಚಪ್ಪರದ ಬಟ್ಟೆ ಕತ್ತರಿಸುವ ಚೂರಿ ಸದಾ ನನ್ನ ಸೊಂಟದಲ್ಲಿರುತ್ತದೆ. ಅದರಿಂದ ಪರದೆಯನ್ನು ಉದ್ದಕ್ಕೂ ಸೀಳಿದೆ. ಸೀಟುಗಳ ಸಂದಿನಲ್ಲಿ ತೂರಿ, ಅವಳ ಕಂಕುಳಿಗೆ ಕೈಹಾಕಿ ಎಳೆದೆ. ಕಾಲುಗಳು ಅವಳಿಗೆ ನೆರವಾಗುವಂತಿರಲಿಲ್ಲ. ನನ್ನ ತೋಳು ಸೋತು ಒಮ್ಮೆ ಕೈಬಿಟ್ಟೆ, ಮತ್ತೆ ಎಳೆದೆ. ಅಂತೂ ಮುಂದಿನ ಸೀಟುಗಳ ಮೇಲೆ ಅಡ್ಡ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಟಲಿಯ ನೀರನ್ನು ಹನಿಹನಿಯಾಗಿ ಕುಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು. ಗಾಡಿಯನ್ನು ಹಿಂದಕ್ಕೆ ತಿರುಗಿಸಲು ನಾನು ಕೈ ಚಾಚಿದ್ದೆ.

“ಹೊಳ್ಳಿಸಬ್ಯಾಡ ಯಕ್ಕಾ,” ಎಂದಳು. “ಸಾಲ್ಯಾಗ ಹುಡುಗ್ರು ಕುಂತಾವ.”

ನನಗೆ ಹೆದರಿಕೆಯಿತ್ತು. ಆದರೂ ಶಾಲೆ ಕಲಬುರಗಿಗಿಂತ ಹತ್ತಿರವಿತ್ತು, ಅಲ್ಲಿ ತಂಪೂ ವೈದ್ಯರೂ ಇದ್ದರು. ಮುಂದಕ್ಕೇ ಹೋದೆವು. ವೈದ್ಯರು ನೋಡಿ, ಸಂಜೆಯವರೆಗೂ ಮಲಗಿರಲು ಹೇಳಿದರು. ಅವಳು ಮಲಗಿಯೇ ಇದ್ದಳು. ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಚಪ್ಪಡಿಯ ಎಳೆ ಯಾವ ಕಡೆ ಹರಿಯುತ್ತದೆಂದು ಬೆರಳಿನಿಂದ ತಟ್ಟಿ ಕೇಳಿಸುತ್ತ ಪಾಠ ಮಾಡಿದಳು. ಬಿಸಿಲು ಇಳಿದ ಮೇಲೆ ಊರಿಗೆ ಮರಳಿದೆವು.

ಮರುದಿನ ಅವಳೇ ಹಟ ಹಿಡಿದು ಶರಭದ ಶೋರೂಮಿಗೆ ಬಂದಳು. ನಾನು ಬಯ್ಯಲು ತಯಾರಾಗಿದ್ದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. ಪರದೆ ಹರಿಯದ ಅಂಥದೇ ಇನ್ನೊಂದು ಗಾಡಿಯನ್ನು ಅಂಗಳದ ಬಿಸಿಲಿಗೆ ತರಿಸಿ, ಋತ್ವಿಕನಿಗೆ ಮೆಲ್ಲಗೆ ಹೇಳಿದಳು: “ನೀವೊಮ್ಮಿ ಹಿಂದ ಮಲಗಿ ನೋಡ್ರಿ. ಸಿಟ್ಟಿಲೆ ಹೇಳಲಿಕತ್ತಿಲ್ಲ.”

ಅವನು ನಕ್ಕ. ಕೆಲಸದವರೆಲ್ಲ ನೋಡುತ್ತಿದ್ದರು. ಕೋಟು ಕಳಚಿ ಮಲಗಿದ. ಪರದೆ ಇಳಿಯಿತು. ಬೇಗನೆ ಒಳಗಿನಿಂದ ಬಡಿಯತೊಡಗಿದ. ಹೊರಗೆ ಬಂದವನ ಅಂಗಿ ಮೈಗೆ ಅಂಟಿತ್ತು, ಉಸಿರು ಸಿಗುತ್ತಿರಲಿಲ್ಲ. ಆಗ ಮೊದಲ ಸಲ ಬಗ್ಗಿ ಅವಳ ಮುಖ ನೋಡಿದ. ತಾನು ಮಾಡಿದ್ದು ತಪ್ಪಾಯಿತು, ಅನುಮತಿ ತಾನೇ ಮಾಡಿಸುತ್ತೇನೆ, ಎಲ್ಲಕ್ಕಿಂತ ಮೇಲಿನ ದರ್ಜೆಯ ಗಾಡಿಯನ್ನೇ ಕೊಡುತ್ತೇನೆ ಎಂದ. ಅದು ಬೂಟಾಟಿಕೆ ಅನ್ನಿಸಲಿಲ್ಲ. ಜಗದೇವಿ ಕೇಳಿದ್ದು ಬೇರೆ. ಶರಭ ಗುರುತಿಸುವುದು ಕುಳಿತವರನ್ನು ಮತ್ತು ಸಾಮಾನನ್ನು. ಅದಕ್ಕೆ ಮೂರನೆಯದನ್ನು ಕಲಿಸುತ್ತೀರಾ ಎಂದು. ಅದು ಕಂಪನಿಯ ದೊಡ್ಡವರ ಕೈಯಲ್ಲಿದೆ, ಬರೆಯುತ್ತೇನೆ ಎಂದ. ಹಾಗಾದರೆ ಅದು ಕಲಿತ ಮೇಲೆ ಬರುತ್ತೇನೆ ಎಂದಳು ನನ್ನ ತಂಗಿ.

ಅನುಮತಿ ಸಿಕ್ಕ ದಿನ ಮೇಘನಾದ ಬಂತು. ತಂಪು ಜಗದೇವಿಯ ಪಾದದವರೆಗೂ ಮುಟ್ಟುತ್ತದೆಯೇ ಎಂದು ತಹ್ಸೀನ್ ತಾನೇ ಕೈಯಿಟ್ಟು ನೋಡಿದಳು. ಆದರೆ ಹತ್ತಿಸಲು ಓಣಿಯ ಇಬ್ಬರು ಗಂಡಸರು ಬೇಕಾದರು. ಎತ್ತುವಾಗ ಜಗದೇವಿ ಕಣ್ಣು ಮುಚ್ಚಿಕೊಂಡಿದ್ದಳು, ನೋವಿಗಿಂತ ಹೆಚ್ಚು ನಾಚಿಕೆಯಿಂದ. ಮನೆಗೆ ಬಂದ ಮೇಲೆ ನಮ್ಮಿಬ್ಬರಿಗೂ ಜಗಳವಾಯಿತು. ಜನ ಒಳ್ಳೆಯವರೆಂದು ಎತ್ತರದ ಗಾಡಿ ಕೊಂಡು ದಿನಾ ಯಾರನ್ನು ಕರೆಯುತ್ತೀ, ನಾಳೆ ನನ್ನ ತೋಳೂ ಮುದಿಯಾಗುತ್ತದೆ ಎಂದೆ. ಅವಳು ತಲೆ ಹೊರಳಿಸಿ ಬಾಗಿಲಾಚೆಯ ನೆಲ ನೋಡಿದಳು.

“ಗಾಡಿ ತಗ್ಗಂಗಿಲ್ಲಂದ್ರ ನೆಲ ಎತ್ತಮು,” ಎಂದಳು.

ಮೇಘನಾದವನ್ನೇ ಕೊಂಡೆವು. ಅದರ ಹೊಸ್ತಿಲಿಗೆ ಸಮನಾಗಿ ನಮ್ಮ ಬಾಗಿಲಲ್ಲಿ ಶಹಾಬಾದ್ ಕಲ್ಲಿನ ಇಳಿಜಾರು ಕಟ್ಟೆ ಎದ್ದಿತು. ಜಗದೇವಿ ಮಲಗಿಯೇ ಅಳತೆ ಹೇಳಿದಳು, ನಾನು ಕಲ್ಲು ಹೊತ್ತೆ. ತಹ್ಸೀನ್ ಟೇಪು ಹಿಡಿದು ಬಂದವಳು, ತನ್ನ ಶೋರೂಮಿನ ಮುಂದೂ ಒಂದು ಬೇಕೆಂದಳು. ಸೇಡಂನಲ್ಲಿ ಜಗದೇವಿಯ ಶಾಲೆಯ ಮಕ್ಕಳು ಕಟ್ಟಿದರು, ಚಿತ್ತಾಪುರದಲ್ಲಿ ಕಟ್ಟಿದರು. ಈಗ ಯಾವ ಗುಂಡಿಶಾಲೆಗೆ ಹೋದರೂ ಕಲ್ಲಿನ ಮೊದಲ ಪಾಠ ಅದೇ. ಮಂಚಗಾಲಿಯವರು ಬರುತ್ತಾರೆ, ಬಸುರಿಯರು, ಮೊಣಕಾಲು ಸೋತ ಮುದುಕರು ಬರುತ್ತಾರೆ. ಇಷ್ಟು ಜನ ಇಷ್ಟು ದಿನ ಎಲ್ಲಿದ್ದರೋ. ಎರಡು ಬೇಸಿಗೆ ಕಳೆದ ಮೇಲೆ ಶರಭದವರೂ ಮಲಗಿ ಬರುವವರನ್ನು ಗುರುತಿಸತೊಡಗಿದರು. ಋತ್ವಿಕ್ ಬಂದು ತಿಳಿಸಿ, ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋದ.

ಹಿರಿಯರೇ, ನಿಮ್ಮ ಕಾಲದ ಗಾಡಿಗಳ ಹೆಸರು ನನಗೆ ತಿಳಿಯದು, ಯಾವುದನ್ನು ಕೊಳ್ಳಿ ಎಂದು ಹೇಳುವ ಅಧಿಕಾರವೂ ನನಗಿಲ್ಲ. ಒಂದೇ ಬೇಡಿಕೆ. ನಿಮ್ಮ ಮನೆಯಲ್ಲಿ ಗಾಡಿ ಹತ್ತಲು ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರು ಯಾರೋ, ಶೋರೂಮಿಗೆ ಮೊದಲು ಅವರನ್ನು ಕರೆದುಕೊಂಡು ಹೋಗಿ. ನಿಮ್ಮ ದಾರಿಯಲ್ಲೇ ಗಾಡಿ ಓಡಿಸಿ ನೋಡಿ, ಅವರು ಕೂರುವ ಜಾಗದಲ್ಲಿ ನೀವೂ ಒಮ್ಮೆ ಕುಳಿತು ಬನ್ನಿ. ಮಾರುವವರು ನಿಮ್ಮನ್ನು ಮಾತಾಡಿಸಿದರೆ ಬಾಯಿ ಬಿಡಬೇಡಿ. ನೀವು ಕರೆತಂದವರೇ ಉತ್ತರ ಹೇಳುವವರೆಗೂ ಕಾಯಿರಿ.

ಇನ್ನು ಬರೆಯಲು ಹೊತ್ತಿಲ್ಲ. ಜಗದೇವಿ ಆಗಲೇ ಗಾಡಿಯಲ್ಲಿ ಮಲಗಿ ನನ್ನನ್ನು ಕೂಗುತ್ತಿದ್ದಾಳೆ. ಇವತ್ತು ಚಿಂಚೋಳಿ. ಅಲ್ಲಿ ಇನ್ನೂ ಕಟ್ಟೆ ಇಲ್ಲ.