ಇನಗಾಕಿ ಸಾನ್ ಅವರ ಅಪ್ಪ ಬರೆದ ನಾಲ್ಕು ಹಾಳೆ

೬ ಅಕ್ಟೋಬರ್ ೧೯೯೮, ಮಂಗಳವಾರ

ಬೆಳಿಗ್ಗೆ ಮೂರು ಲೋಡ್ ವಾಲ್ವ್ ಇಳಿಸಿದ್ದಾಯಿತು. ಈ ಕೊಲ್ಲಿ ದೇಶದಲ್ಲಿ, ಅರ್ದಿಯಾದ ನಮ್ಮ ಕಂಪನಿ ಸ್ಟೋರು ತುಂಬ ಧೂಳು. ಊಟದ ಬಿಡುವಿನಲ್ಲಿ ಎಂದಿನಂತೆ ಗಿಟಾರ್ ತೆಗೆದು ಕಣ್ಣು ಮುಚ್ಚಿ ನುಡಿಸಿದೆ. ಕಣ್ಣು ತೆರೆದರೆ ಎದುರಿಗೆ ಜಪಾನಿ ಇಂಜಿನಿಯರ್ ಇನಗಾಕಿ ಸಾನ್! ಎದ್ದು ನಿಂತೆ. ಬೈಯಲಿಲ್ಲ.

"ನೋಟೇಶನ್ ಓದಲು ಬರುತ್ತದೆಯೇ?" ಇಂಗ್ಲಿಷಿನಲ್ಲಿ ಕೇಳಿದರು.

ಮಂಗಳೂರಿನ ಇಗರ್ಜಿಯ ಕ್ವಾಯರಿನಲ್ಲಿ ಕಲಿತಿದ್ದೆ. ಬರುತ್ತದೆ ಎಂದೆ.

೮ ಅಕ್ಟೋಬರ್

ಇನಗಾಕಿ ಸಾನ್ ಹಳದಿಯಾದ ನಾಲ್ಕು ಹಾಳೆ ಕೊಟ್ಟರು. ಅವರ ಅಪ್ಪ ಬರೆದ ಸಂಗೀತ. ಅಪ್ಪ ಜಪಾನಿನ ಒಂದು ಊರಿನ ಅಂಚೆ ಕಚೇರಿಯಲ್ಲಿ ಗುಮಾಸ್ತ. ಆ ಊರಲ್ಲಿ ಕ್ಲಾಸಿಕಲ್ ಗಿಟಾರ್ ಕಂಡವರೇ ಇಲ್ಲ. ಗುರು ಇಲ್ಲ. ಹಡಗಿನಲ್ಲಿ ಬಂದ ಸ್ಪೇನಿನ ಪುಸ್ತಕದ ಚಿತ್ರ ನೋಡಿ ಬೆರಳಿಡಲು ಕಲಿತರಂತೆ. ಯುದ್ಧದಲ್ಲಿ ಮನೆ ಸುಟ್ಟು ಬರೆದದ್ದೆಲ್ಲ ಬೂದಿ. ಮತ್ತೆ ಮೊದಲಿನಿಂದ ಕುಳಿತರು.

"ಇದು ನನಗಾಗಿ ಬರೆದದ್ದು. ಅಪ್ಪ ಕಲಿಸಲು ಕರೆದರೆ ನಾನು ಗಿಟಾರ್ ಮುಟ್ಟಲಿಲ್ಲ. ಜಗಳವಾಡಿ ಮನೆ ಬಿಟ್ಟೆ. ಅವರು ಸತ್ತು ಮೂವತ್ತೇಳು ವರ್ಷ... ಇದನ್ನು ಯಾರೂ ನುಡಿಸಿಲ್ಲ" ಎಂದರು.

ನವೆಂಬರ್ ಕೊನೆಗೆ ಅವರು ರಿಟೈರ್ ಆಗಿ ಜಪಾನಿಗೆ. ಇಪ್ಪತ್ತಕ್ಕೆ ಇಲ್ಲಿನ ಜಪಾನಿಗಳ ಕೂಟ. ಅಲ್ಲಿ ನಾನು ನುಡಿಸಬೇಕು.

೨೩ ಅಕ್ಟೋಬರ್, ಶುಕ್ರವಾರ

ಎರಡನೇ ಹಾಳೆಯಲ್ಲಿ ಕಿರುಬೆರಳು ಎಟುಕುವುದೇ ಇಲ್ಲ. "ಎರಡು ಸ್ವರ ಬಿಟ್ಟುಬಿಡಿ, ಯಾರಿಗೂ ತಿಳಿಯದು" ಎಂದರು ಇನಗಾಕಿ ಸಾನ್. ಆಗುವುದಿಲ್ಲ ಎಂದೆ. ಚಿತ್ರ ನೋಡಿ ಕಲಿತ ಮನುಷ್ಯ ಬರೆದದ್ದು. ಬಿಡಲು ನಾನು ಯಾರು?

ಡ್ಯೂಟಿ ಮುಗಿಸಿ ಬಂದ ಹೆಂಡತಿ ಕಾರ್ಮೆಲ್ ನನ್ನ ಕೈ ಹಿಡಿದು ನೋಡಿದಳು. ನರ್ಸ್ ಅಲ್ಲವೇ.

"ನಿಮಗೆ ಮರ್ಲಾ, ಹುಚ್ಚಾ? ಬೆರಳು ಊದಿ ಹೋಗಿದೆ!"

"ಇನ್ನು ಸ್ವಲ್ಪ, ಮಾರಾಯ್ತಿ."

"ಮೊದಲು ಐಸ್ ಇಡಿ. ಮತ್ತೆ ಬಾರಿಸಿ."

೧೮ ನವೆಂಬರ್, ಬುಧವಾರ

ಎಟುಕಿತು! ಎರಡೂ ಸ್ವರ, ಸ್ವಚ್ಛ.

೨೧ ನವೆಂಬರ್, ಶನಿವಾರ

ನಿನ್ನೆ ಹಾಲ್ ತುಂಬಿತ್ತು. ನಿಮ್ಮ ಪರಿಚಯ ಏನೆಂದು ಹೇಳಲಿ ಎಂದು ನಿರೂಪಕಿ ಕೇಳಿದಳು. ಸ್ಟೋರ್‌ಕೀಪರ್ ಎಂದೆ. ಇನಗಾಕಿ ಸಾನ್ ತಾವೇ ಮೈಕ್ ತೆಗೆದುಕೊಂಡರು.

"ಇನಗಾಕಿ ಶಿನ್‌ಕಿಚಿ, ನನ್ನ ಅಪ್ಪ, ಗಿಟಾರ್ ವಾದಕ. ಇವರು ಲಿಗೋರಿ, ಗಿಟಾರ್ ವಾದಕ."

ನುಡಿಸಿದೆ. ಒಂದು ಸ್ವರವನ್ನೂ ಬಿಡಲಿಲ್ಲ. ಮುಗಿದ ಮೇಲೆ ಮೊದಲ ಸಾಲಿನಲ್ಲಿ ಇನಗಾಕಿ ಸಾನ್ ಎದ್ದು ಸೊಂಟ ಬಾಗಿಸಿ ನಿಂತರು. ತಲೆ ಎತ್ತಲೇ ಇಲ್ಲ. ಆಮೇಲೆ ಹಾಲ್ ಇಡೀ ಎದ್ದಿತು.

ಮನೆಗೆ ಮರಳುವ ಫರ್ವಾನಿಯಾ ಬಸ್ಸಿನಲ್ಲಿ ಕಾರ್ಮೆಲ್: "ಪಕ್ಕದವಳು ಕೇಳದಿದ್ದರೂ ನಾನೇ ಹೇಳಿದೆ, ನನ್ನ ಗಂಡ ಅಂತ."

೨೭ ನವೆಂಬರ್, ಶುಕ್ರವಾರ, ಸಂಜೆ ೫

ಇನಗಾಕಿ ಸಾನ್ ನಾಳೆ ಹೊರಡುತ್ತಾರೆ. ಹೇಳಿ ಹೋಗಲು ಮನೆಗೆ ಬಂದರೆಂದುಕೊಂಡೆ. ಶೂ ಬಿಚ್ಚಿ, ಚಹಾ ಕುಡಿದು, ನನ್ನೆದುರು ನೆಲದ ಮೇಲೇ ಕುಳಿತರು.

"ಮೊದಲ ಸಾಲು ಕಲಿಸುತ್ತೀರಾ? ಅಷ್ಟು ಸಾಕು."

ಅರವತ್ತನಾಲ್ಕು ವಯಸ್ಸು. ಗಿಟಾರ್ ಕೈಗಿಟ್ಟೆ. ಬೆರಳು ಹಿಡಿದು ತಂತಿಯ ಮೇಲೆ ಕೂರಿಸಿದೆ. ಹೀಗೇ ಎರಡು ಗಂಟೆ ಕಳೆಯಿತು. ಈಗ ಒಬ್ಬರೇ ಅಭ್ಯಾಸ ಮಾಡಲೆಂದು ಬಿಟ್ಟು ಒಳಗೆ ಬಂದು ಬರೆಯುತ್ತಿದ್ದೇನೆ. ಮೂರನೇ ಸ್ವರ ತಪ್ಪುತ್ತಿದೆ. ಮತ್ತೆ. ಮತ್ತೆ — ಬಂತು! "ಸೆನ್ಸೇ!" ಎಂದು ಕೂಗುತ್ತಿದ್ದಾರೆ. ಗುರುಗಳೇ ಅಂತ. ನನ್ನನ್ನೇ. ಹೋಗಬೇಕು, ಅವರ ಹೆಬ್ಬೆರಳು ಇನ್ನೂ —