ಡಬ್ಬಿಯೊಳಗಿನ ಸಕ್ಕರೆ

ಅಕ್ಟೋಬರ್ ೨೪, ಗುರುವಾರ. ಕೋಗಿಲು.

ಮೂರು ದಿನದಿಂದ ಬೀದಿಯಲ್ಲಿ ನಿಂತಿದ್ದ ಕೆರೆ ನೀರು ಇವತ್ತು ಮಧ್ಯಾಹ್ನ ಇಳಿಯಿತು. ಕರೆಂಟೂ ಬಂತು. ಆದರೆ ಬೆಳಿಗ್ಗೆ ಅತ್ತೆಯ ಶುಗರ್ ನೋಡಿದಾಗ ಮುನ್ನೂರ ಎಂಬತ್ತು!

ಫ್ರಿಜ್ ನಿಂತ ದಿನವೇ ಅವರ ಎರಡು ಇನ್ಸುಲಿನ್ ಪೆನ್ನುಗಳನ್ನು ನೀರಿನ ಮಡಕೆಯ ಪಕ್ಕ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದೆ. ಇವತ್ತು ನೋಡಿದರೆ ಒಂದೇ ಇದೆ. ಇನ್ನೂ ಬಳಸದೇ ಇದ್ದ ಇನ್ನೊಂದನ್ನು ಅತ್ತೆ ಕೆಳಗಿನ ಬಾಡಿಗೆ ಮನೆಯ ದ್ರೌಪದಮ್ಮನವರಿಗೆ ಕೊಟ್ಟುಬಿಟ್ಟಿದ್ದಾರೆ. ಅವರ ಫ್ರಿಜ್ಜಿಗೇ ನೀರು ನುಗ್ಗಿ ಇನ್ಸುಲಿನ್ ಹಾಳಾಗಿತ್ತಲ್ಲ. ಮೊಸರಿಗೆ ಹೆಪ್ಪು ಕೊಟ್ಟ ಹಾಗೆ, ಸ್ಟೀಲ್ ಡಬ್ಬಿಯಲ್ಲಿಟ್ಟು! ಉಳಿದದ್ದು ಸಾಲದೆಂದು ತಾವು ಅರ್ಧರ್ಧ ಚುಚ್ಚಿಕೊಂಡಿದ್ದಾರೆ.

“ನಿಮಗೇನಾದ್ರೂ ಆಗಿದ್ರೆ?” ಎಂದು ರೇಗಿದೆ.

“ಇಬ್ರುದೂ ಒಂದೇ ಔಸ್ದಿ ಕಣಮ್ಮ. ಕೇಳ್ದೋರ್ಗೆ ಇಲ್ಲ ಅನ್ನಕಾಯ್ತದಾ? ನಿಂಗೇಳಿದ್ರೆ ಆ ನೀರ್ನಾಗೇ ಮೆಡಿಕಲ್‌ಗೆ ಒಂಟೋಯ್ತಿದ್ದೆ.”

ಹೋಗುತ್ತಿದ್ದೆ, ನಿಜ. ಈ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡೇ.

ಸಂಜೆ ದ್ರೌಪದಮ್ಮ ಹೊಸ ಪೆನ್ನನ್ನು ನನ್ನ ಕೈಗಿಟ್ಟು, ಡಬ್ಬಿಯನ್ನು ಅತ್ತೆಗೆ ಕೊಟ್ಟು ಹೋದರು. ಮುಚ್ಚಳ ತೆಗೆದರೆ ಒಂದು ಹಿಡಿ ಸಕ್ಕರೆ. ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ! ಅತ್ತೆ ನನ್ನ ಮುಖ ನೋಡಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಡಾಕ್ಟರ್‌ಗೆ ಫೋನ್ ಮಾಡಿ, ರಾತ್ರಿಯ ಇಂಜೆಕ್ಷನ್ ಪೂರ್ತಿ ನಾನೇ ಹಾಕಿದೆ. ಅತ್ತೆ ಒಂದು ಚಿಟಿಕೆ ಸಕ್ಕರೆಯನ್ನು ನನ್ನ ಬಾಯಿಗೆ ಹಾಕಿ, “ಇದು ಮಗೀಗೆ” ಎಂದು ಹೊಟ್ಟೆ ಸವರಿದರು.

ಇನ್ನೂ ಬೈಯಬೇಕೆಂದಿದ್ದೆ. ಬಾಯೆಲ್ಲ ಸಿಹಿ.